ಎಇ1: ಆಸ್ಟ್ರೇಲಿಯಾದ ಮೊದಲ ಜಲಾಂತರ್ಗಾಮಿಯ ಕಣ್ಮರೆ

1914ರ ಸೆಪ್ಟೆಂಬರ್ 14ರ ಮಧ್ಯಾಹ್ನ, ನ್ಯೂಗಿನಿಯ ಈಶಾನ್ಯಕ್ಕಿರುವ ನ್ಯೂ ಬ್ರಿಟನ್ ದ್ವೀಪದ ಬಳಿ ಗಸ್ತಿನಲ್ಲಿದ್ದ ಎಇ1 ಎಂಬ ಜಲಾಂತರ್ಗಾಮಿ ಮಬ್ಬಿನಲ್ಲಿ ಮರೆಯಾಯಿತು. ಅದರೊಳಗಿದ್ದ 35 ಜನರಲ್ಲಿ ಒಬ್ಬರೂ ಹಿಂದಿರುಗಲಿಲ್ಲ. ರಾಯಲ್ ಆಸ್ಟ್ರೇಲಿಯನ್ ನೇವಿ ಯುದ್ಧದಲ್ಲಿ ಕಳೆದುಕೊಂಡ ಮೊದಲ ನೌಕೆ ಇದು. ಮೊದಲ ಮಹಾಯುದ್ಧದಲ್ಲಿ ಮಿತ್ರಪಕ್ಷ ಕಳೆದುಕೊಂಡ ಮೊದಲ ಜಲಾಂತರ್ಗಾಮಿಯೂ ಇದೇ. ನೌಕೆ ಎಲ್ಲಿ ಮುಳುಗಿತು ಎಂಬುದು 103 ವರ್ಷ ಯಾರಿಗೂ ತಿಳಿದಿರಲಿಲ್ಲ. 2017ರ ಡಿಸೆಂಬರ್‌ನಲ್ಲಿ ಜಾಗ ಗೊತ್ತಾಯಿತು, ಮರುವರ್ಷ ಕಾರಣವೂ ಬಹುಮಟ್ಟಿಗೆ ಸ್ಪಷ್ಟವಾಯಿತು. ಮುಳುಗಿಸಿದ್ದು ಶತ್ರುವಿನ ಗುಂಡಲ್ಲ, ನೌಕೆಯದೇ ಒಂದು ಕವಾಟ.

ಆಸ್ಟ್ರೇಲಿಯಾದ ಪ್ರಾಂತಗಳು ಒಂದಾಗಿ ಒಕ್ಕೂಟವಾದದ್ದು 1901ರಲ್ಲಿ. ಸಮುದ್ರ ರಕ್ಷಣೆಗೆ ಬ್ರಿಟನ್ನಿನ ನೌಕಾಪಡೆಯನ್ನೇ ನೆಚ್ಚಿಕೊಂಡಿರುವುದು ಸಾಕೇ ಎಂಬ ಪ್ರಶ್ನೆ ಮೊದಲ ದಶಕದುದ್ದಕ್ಕೂ ಅಲ್ಲಿನ ರಾಜಕಾರಣದಲ್ಲಿತ್ತು. ಪ್ರಧಾನಿ ಆಲ್ಫ್ರೆಡ್ ಡೀಕಿನ್ ಜಲಾಂತರ್ಗಾಮಿಗಳ ಪರವಾಗಿದ್ದರು. ಉದ್ದ ಕರಾವಳಿ, ಕಡಿಮೆ ಜನ, ಕಡಿಮೆ ಹಣ ಇರುವ ದೇಶಕ್ಕೆ ಅದು ಅಗ್ಗದ ಕಾವಲು ಎಂಬ ವಾದ ಆಗ ಬಲವಾಗಿತ್ತು. 1909ರ ಸಾಮ್ರಾಜ್ಯ ಸಮ್ಮೇಳನದ ನಂತರ ಒಂದು ಬ್ಯಾಟಲ್ ಕ್ರೂಸರ್, ಮೂರು ಲಘು ಕ್ರೂಸರ್, ಆರು ವಿಧ್ವಂಸಕ ನೌಕೆ, ಮೂರು ಜಲಾಂತರ್ಗಾಮಿಗಳ ಒಂದು ಸ್ವತಂತ್ರ ಪಡೆಯ ಯೋಜನೆ ಸಿದ್ಧವಾಯಿತು. ಆ ಮೂರು ಜಲಾಂತರ್ಗಾಮಿಗಳು ಹಳೆಯ ಸಿ ದರ್ಜೆಯವು. ಅವು ಕಟ್ಟೆಗೆ ಬರುವ ಮೊದಲೇ ಅವುಗಳಿಗಿಂತ ಎಷ್ಟೋ ಮೇಲಾದ ಇ ದರ್ಜೆ ಬಂತು. ಮೂರರ ಬದಲು ದೊಡ್ಡವೆರಡು ಸಾಕೆಂದು ತೀರ್ಮಾನವಾಯಿತು. ಪಡೆಗೆ 'ರಾಯಲ್' ಎಂಬ ಹೆಸರು ಸೇರಿದ್ದು 1911ರ ಜುಲೈನಲ್ಲಿ. ಅದೇ ವರ್ಷದ ನವೆಂಬರ್‌ನಲ್ಲಿ ಇಂಗ್ಲೆಂಡಿನ ಬ್ಯಾರೋ ಪಟ್ಟಣದಲ್ಲಿ ವಿಕರ್ಸ್ ಕಂಪನಿಯ ಹಡಗುಕಟ್ಟೆಯಲ್ಲಿ ಎಇ1ರ ಕೆಲಸ ಆರಂಭವಾಯಿತು. ಹೆಸರಿನ 'ಎ' ಆಸ್ಟ್ರೇಲಿಯಾದ್ದು, 'ಇ' ದರ್ಜೆಯದು. 1913ರ ಮೇ 22ರಂದು ನೀರಿಗಿಳಿದು, 1914ರ ಫೆಬ್ರವರಿ 28ರಂದು ಪೋರ್ಟ್ಸ್‌ಮತ್‌ನಲ್ಲಿ ಅದು ಸೇವೆಗೆ ಸೇರಿತು. ಅವಳಿಯಾದ ಎಇ2 ಕೂಡ ಅದೇ ದಿನ ಸೇರಿತು.

ಇ ದರ್ಜೆ ಆ ಕಾಲಕ್ಕೆ ಬ್ರಿಟನ್ನಿನ ಅತ್ಯುತ್ತಮ ಜಲಾಂತರ್ಗಾಮಿ. ಎಇ1ರ ಉದ್ದ 55 ಮೀಟರ್, ಅಂದರೆ ಎರಡೂವರೆ ರೈಲು ಬೋಗಿಗಳಷ್ಟು. ಅಷ್ಟರಲ್ಲೇ ಎಂಜಿನ್, ಮೋಟಾರ್, ಬ್ಯಾಟರಿ, ಎಣ್ಣೆ, ಎಂಟು ಟಾರ್ಪಿಡೊ, ಅಡುಗೆ, ಮೂರು ಜನ ಅಧಿಕಾರಿಗಳು, 32 ನಾವಿಕರು. ನೀರಿನ ಮೇಲೆ ಸುಮಾರು 15 ನಾಟ್, ಒಳಗೆ ಸುಮಾರು 10 ನಾಟ್ ವೇಗ. ಟಾರ್ಪಿಡೊ ಹೊರಡುವ ನಾಲ್ಕು ಕೊಳವೆಗಳಲ್ಲಿ ಒಂದು ಮೂತಿಗೆ, ಒಂದು ಹಿಂಬದಿಗೆ, ಎರಡು ಅಕ್ಕಪಕ್ಕಕ್ಕೆ. ಮೇಲ್ಭಾಗದಲ್ಲಿ ಫಿರಂಗಿ ಇರಲಿಲ್ಲ. ಹಿಂದಿನ ದರ್ಜೆಗಳ ಪೆಟ್ರೋಲ್ ಎಂಜಿನ್‌ಗಳು ಹೊಗೆಯಿಂದ ಉಸಿರುಗಟ್ಟಿಸುತ್ತಿದ್ದವು, ಸ್ಫೋಟದ ಭಯ ಸದಾ ಇತ್ತು. ಡೀಸೆಲ್ ಬಂದದ್ದರಿಂದ ಅದೊಂದು ಕಾಟ ತಪ್ಪಿತ್ತು.

ಮುಂದೆ ನಡೆದದ್ದು ಅರ್ಥವಾಗಬೇಕಾದರೆ ಇಂಥ ನೌಕೆ ಹೇಗೆ ಮುಳುಗುತ್ತಿತ್ತು ಎಂಬುದನ್ನು ತಿಳಿಯಬೇಕು. ಅದು ಮೂಲತಃ ಮೇಲೆ ತೇಲುವ ಹಡಗೇ. ಬೇಕಾದಾಗ ಕೆಲವು ಗಂಟೆ ಮುಳುಗಬಲ್ಲದು, ಅಷ್ಟೆ. ಮೇಲಿದ್ದಾಗ ಡೀಸೆಲ್ ಎಂಜಿನ್ ಓಡುತ್ತದೆ. ಎಂಜಿನ್ನಿಗೆ ಗಾಳಿ ಬೇಕು, ಬ್ಯಾಟರಿಗಳಿಂದ ಏಳುವ ಅನಿಲ ಹೊರಹೋಗಬೇಕು, ಜನ ಉಸಿರಾಡಬೇಕು. ಇದಕ್ಕೆಲ್ಲ ಒಡಲಿನಲ್ಲಿ ದೊಡ್ಡ ತೂತುಗಳಿರುತ್ತವೆ, ಅವುಗಳಿಗೆ ಕವಾಟಗಳಿರುತ್ತವೆ. ಮುಳುಗುವ ಆಜ್ಞೆಯಾದೊಡನೆ ಎಂಜಿನ್ ನಿಲ್ಲಿಸಿ, ಕ್ಲಚ್ ಬಿಡಿಸಿ, ಪ್ರೊಪೆಲರ್‌ಗಳನ್ನು ವಿದ್ಯುತ್ ಮೋಟಾರ್‌ಗೆ ಒಪ್ಪಿಸಬೇಕು. ಹೊಗೆಕೊಳವೆ, ವಾಯುಕೊಳವೆ, ಮೇಲಿನ ಬಾಗಿಲು ಎಲ್ಲವನ್ನೂ ಬಿಗಿಯಾಗಿ ಮುಚ್ಚಬೇಕು. ಆಮೇಲೆ ಪಕ್ಕದ ತೊಟ್ಟಿಗಳಿಗೆ ನೀರು ಬಿಡುತ್ತಾರೆ. ಈ ಕೆಲಸಗಳೆಲ್ಲ ಕೈಯಿಂದಲೇ, ಚಕ್ರ ತಿರುಗಿಸಿ ಸನ್ನೆ ಎಳೆದು ನಡೆಯುತ್ತಿದ್ದವು. ಯಾವ ಕವಾಟ ಪೂರ್ತಿ ಮುಚ್ಚಿದೆ, ಯಾವುದು ಅರೆ ತೆರೆದಿದೆ ಎಂದು ತೋರಿಸುವ ದೀಪಗಳ ಫಲಕ ಆ ಕಾಲದಲ್ಲಿ ಇರಲಿಲ್ಲ. ತಿರುಗಿಸಿದವನ ಕೈಗೆ ತಿಳಿದದ್ದೇ ಪ್ರಮಾಣ.

ಒಳಗೆ ಹೋದ ಮೇಲೆ ಇನ್ನೊಂದು ಕಷ್ಟ ಕಾದಿರುತ್ತದೆ. ನೌಕೆಯ ತೂಕ ಅದು ಸರಿಸಿದ ನೀರಿನ ತೂಕಕ್ಕೆ ಸಮನಾಗಿರಬೇಕು. ಎಣ್ಣೆ ಖರ್ಚಾದಂತೆ, ದಿನಸಿ ಮುಗಿದಂತೆ, ಸಮುದ್ರದ ಉಪ್ಪಿನಂಶ ಬದಲಾದಂತೆ ಈ ತೂಗು ತಪ್ಪುತ್ತದೆ. ಹಾಗಾಗಿ ಆಗಾಗ ಮುಳುಗಿ ತೂಗು ಸರಿನೋಡುವುದು ನಾಯಕನ ನಿತ್ಯದ ಹೊಣೆ. ಆಳ ಹಿಡಿದಿಡುವುದು ಮುಂದೆ ಹಿಂದೆ ಇರುವ ರೆಕ್ಕೆಯಂಥ ಹಲಗೆಗಳು, ಹೈಡ್ರೋಪ್ಲೇನ್‌ಗಳು. ನೌಕೆಗೆ ವೇಗವಿದ್ದರೆ ಮಾತ್ರ ಅವಕ್ಕೆ ಬಲ. ಎಇ1ಕ್ಕೆ ವಿನ್ಯಾಸಕಾರರು ಗೊತ್ತುಮಾಡಿದ್ದ ಆಳ 100 ಅಡಿ, ಎಂದರೆ 30 ಮೀಟರ್. ಅದಕ್ಕಿಂತ ಕೆಳಗೆ ಸ್ವಲ್ಪ ದೂರ ಒಡಲು ತಾಳಬಹುದಿತ್ತು. ಆದರೆ ಪ್ರತಿ 10 ಮೀಟರ್‌ಗೆ ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ. ಎಲ್ಲೋ ಒಂದು ಕಡೆ ಉಕ್ಕು ಸೋಲಲೇಬೇಕು.

ಅಂದಿನ ಜಲಾಂತರ್ಗಾಮಿ ಸೇವೆ ಯುದ್ಧವಿಲ್ಲದೆಯೂ ಸಾವಿನ ಸೇವೆಯಾಗಿತ್ತು. ಬ್ರಿಟನ್ನಿನ ಎ1 1904ರಲ್ಲಿ ಪ್ರಯಾಣಿಕ ಹಡಗೊಂದರ ಕೆಳಗೆ ಸಿಕ್ಕಿ ಹೋಯಿತು. ಫ್ರಾನ್ಸಿನ ಫಾರ್ಫಾದೆ 1905ರಲ್ಲಿ ಮೇಲಿನ ಬಾಗಿಲು ಸರಿಯಾಗಿ ಮುಚ್ಚದೆ ಮುಳುಗಿತು. 14 ಜನ ಸತ್ತರು. ಜಪಾನಿನ 6ನೇ ನಂಬರಿನ ಜಲಾಂತರ್ಗಾಮಿ 1910ರ ಏಪ್ರಿಲ್‌ನಲ್ಲಿ ವಾಯುಕೊಳವೆಯ ಕವಾಟ ಮುಚ್ಚುವ ಸರಪಳಿ ಕೈಕೊಟ್ಟು ತಳ ಸೇರಿತು. ಅದರ ನಾಯಕ ಲೆಫ್ಟಿನೆಂಟ್ ಸಕುಮಾ ಸುತೊಮು ಉಸಿರು ನಿಲ್ಲುವ ತನಕ ನಡೆದದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟರು. ಎಇ1 ಇಂಗ್ಲೆಂಡ್ ಬಿಡುವ ಆರು ವಾರ ಮೊದಲು, 1914ರ ಜನವರಿ 16ರಂದು, ಬ್ರಿಟನ್ನಿನ ಎ7 ಅಭ್ಯಾಸಕ್ಕೆಂದು ಮುಳುಗಿದ್ದು ಮೇಲೆ ಬರಲೇ ಇಲ್ಲ. ಈ ಕೆಲಸಕ್ಕೆ ಬಂದವರೆಲ್ಲ ಇದನ್ನು ತಿಳಿದೇ ಬಂದವರು.

ಎಇ1ರ ನಾಯಕ ಲೆಫ್ಟಿನೆಂಟ್ ಕಮಾಂಡರ್ ಥಾಮಸ್ ಫ್ಲೆಮಿಂಗ್ ಬೆಸೆಂಟ್, ಬ್ರಿಟಿಷ್ ನೌಕಾಪಡೆಯ ಅಧಿಕಾರಿ. ಎಇ2ರ ನಾಯಕ ಐರ್ಲೆಂಡಿನ ಹೆನ್ರಿ ಸ್ಟೋಕರ್. ಆಸ್ಟ್ರೇಲಿಯಾದಲ್ಲಿ ಜಲಾಂತರ್ಗಾಮಿ ನಡೆಸಿ ಅನುಭವವಿದ್ದವರೇ ಇರಲಿಲ್ಲ. ಹೀಗಾಗಿ ಎರಡೂ ನೌಕೆಗಳ ಸಿಬ್ಬಂದಿ ಬೆರಕೆ: ಬ್ರಿಟನ್ನಿಂದ ಎರವಲು ಬಂದವರು, ಆಸ್ಟ್ರೇಲಿಯಾದಿಂದ ತರಬೇತಿಗೆ ಹೋದವರು.

1914ರ ಮಾರ್ಚ್ 2ರಂದು ಎರಡೂ ಪೋರ್ಟ್ಸ್‌ಮತ್ ಬಿಟ್ಟವು. ಜಿಬ್ರಾಲ್ಟರ್, ಮಾಲ್ಟಾ, ಸೂಯೆಜ್, ಏಡನ್, ಕೊಲಂಬೊ, ಸಿಂಗಪುರ, ಆಮೇಲೆ ಆಸ್ಟ್ರೇಲಿಯಾದ ಡಾರ್ವಿನ್. ಸುಮಾರು 13,000 ನಾಟಿಕಲ್ ಮೈಲಿಗಳ ಈ ಯಾನ ಅಲ್ಲಿಯವರೆಗೆ ಯಾವ ಜಲಾಂತರ್ಗಾಮಿಯೂ ಮಾಡದಿದ್ದದ್ದು. ಸ್ವಲ್ಪ ದೂರ ಕಾವಲು ನೌಕೆಗಳು ಹಗ್ಗ ಕಟ್ಟಿ ಎಳೆದವು, ಹೆಚ್ಚಿನ ದೂರ ಅವು ತಮ್ಮ ಬಲದಲ್ಲೇ ಬಂದವು. ಸಿಂಗಪುರದಿಂದಾಚೆ ಜೊತೆಗಿದ್ದದ್ದು ಕ್ರೂಸರ್ ಸಿಡ್ನಿ. ಉಕ್ಕಿನ ಒಡಲು ಬಿಸಿಲಿಗೆ ಕಾಯುತ್ತಿತ್ತು, ಕೆಳಗೆ ಎಂಜಿನ್ ಕಾಯುತ್ತಿತ್ತು. ಕೆಂಪು ಸಮುದ್ರದಲ್ಲೂ ಸಮಭಾಜಕ ವೃತ್ತದ ಆಸುಪಾಸಿನಲ್ಲೂ ಒಳಗಿನ ವಾಸ ನರಕವಾಗಿತ್ತು. ಎಂಜಿನ್‌ಗಳು ಹಲವು ಬಾರಿ ಕೆಟ್ಟವು, ಎಂಜಿನ್ ಕೋಣೆಯವರು ಹೋಗುತ್ತಲೇ ರಿಪೇರಿ ಮಾಡಿದರು. ಮೇ 24ರ ಬೆಳಗ್ಗೆ ಎರಡೂ ಸಿಡ್ನಿ ಬಂದರು ಸೇರಿದವು. ಪೋರ್ಟ್ಸ್‌ಮತ್ ಬಿಟ್ಟು 83 ದಿನಗಳಾಗಿದ್ದವು. ಈ ಯಾನವೊಂದೇ ಆ ಸಿಬ್ಬಂದಿಯ ಕಸುಬುಗಾರಿಕೆಗೆ ಸಾಕ್ಷಿ. ಮುಂದಿನ ದುರಂತವನ್ನು ಅನನುಭವಿಗಳ ಎಡವಟ್ಟೆಂದು ತಳ್ಳಿಹಾಕುವುದು ಅವರಿಗೆ ಮಾಡುವ ಅನ್ಯಾಯ.

ಎರಡು ತಿಂಗಳಿಗೂ ಸ್ವಲ್ಪ ಹೆಚ್ಚು ಕಳೆದಿರುವಾಗ, ಆಗಸ್ಟ್ 4ರಂದು, ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಪೆಸಿಫಿಕ್‌ನಲ್ಲಿ ಜರ್ಮನಿಯ ವಸಾಹತುಗಳು ಅಲ್ಲಲ್ಲಿ ಚದುರಿದ್ದವು. ಅವುಗಳ ನಡುವೆ ಅಡ್ಮಿರಲ್ ಫಾನ್ ಸ್ಪೇ ನಾಯಕತ್ವದ ಪೂರ್ವ ಏಷ್ಯಾ ಪಡೆ ಓಡಾಡುತ್ತಿತ್ತು. ಶಾರ್ನ್‌ಹೋರ್ಸ್ಟ್, ಗ್ನೈಸೆನೌ ಅದರ ದೊಡ್ಡ ನೌಕೆಗಳು. ಇದೇ ಪಡೆಯಿಂದ ಬೇರ್ಪಟ್ಟು ಹಿಂದೂ ಮಹಾಸಾಗರಕ್ಕೆ ಹೊರಳಿದ ಎಂಡೆನ್ ಮುಂದೆ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಎಣ್ಣೆ ತೊಟ್ಟಿಗಳಿಗೆ ಗುಂಡಿಟ್ಟದ್ದು ದಕ್ಷಿಣ ಭಾರತದ ನೆನಪಿನಲ್ಲಿ ಉಳಿದಿರುವ ಘಟನೆ. ಆ ಎಂಡೆನ್ನನ್ನು ನವೆಂಬರ್‌ನಲ್ಲಿ ಕೊಕೊಸ್ ದ್ವೀಪದ ಬಳಿ ಬಡಿದದ್ದು ಎಇ1ಕ್ಕೆ ಸಿಂಗಪುರದಿಂದಾಚೆ ಜೊತೆಯಾಗಿದ್ದ ಸಿಡ್ನಿ.

ಜರ್ಮನ್ ನ್ಯೂಗಿನಿಯನ್ನೂ ಅಲ್ಲಿನ ನಿಸ್ತಂತು ಕೇಂದ್ರವನ್ನೂ ವಶಪಡಿಸಿಕೊಳ್ಳುವ ಹೊಣೆ ಆಸ್ಟ್ರೇಲಿಯಾಕ್ಕೆ ಬಂತು. ರಿಯರ್ ಅಡ್ಮಿರಲ್ ಜಾರ್ಜ್ ಪೇಟಿ ನೇತೃತ್ವದ ನೌಕಾಪಡೆ ಸೇನೆಯೊಡನೆ ನ್ಯೂ ಬ್ರಿಟನ್ ದ್ವೀಪದ ರಬೌಲ್‌ನತ್ತ ಹೊರಟಿತು. ಎರಡು ಜಲಾಂತರ್ಗಾಮಿಗಳೂ ಸೇರಿಕೊಂಡವು. ಸೆಪ್ಟೆಂಬರ್ 11ರಂದು ಬೀಟಾ ಪಾಕಾದಲ್ಲಿ ನಿಸ್ತಂತು ಕೇಂದ್ರಕ್ಕಾಗಿ ನಡೆದ ಕಾಳಗದಲ್ಲಿ ಆಸ್ಟ್ರೇಲಿಯಾದ ಆರು ಮಂದಿ ಸತ್ತರು. ಮರುದಿನದ ಹೊತ್ತಿಗೆ ರಬೌಲ್ ಕೈಸೇರಿತ್ತು. ಉಳಿದ ಆತಂಕವೆಂದರೆ ಸ್ಪೇ ಎಲ್ಲಿದ್ದಾನೆ ಎಂಬುದು. ನ್ಯೂ ಬ್ರಿಟನ್ ಮತ್ತು ನ್ಯೂ ಐರ್ಲೆಂಡ್ ದ್ವೀಪಗಳ ನಡುವಿನ ಸೇಂಟ್ ಜಾರ್ಜ್ ಜಲಸಂಧಿಯ ಮೂಲಕ ಅವನ ನೌಕೆಗಳು ನುಗ್ಗಬಹುದಿತ್ತು. ಆ ಬಾಯಿಯಲ್ಲಿ ಒಂದು ವಿಧ್ವಂಸಕ ನೌಕೆ, ಒಂದು ಜಲಾಂತರ್ಗಾಮಿ ಜೊತೆಯಾಗಿ ಹಗಲು ಕಾವಲು ಕಾಯುವ ಏರ್ಪಾಡಾಯಿತು.

ಸೆಪ್ಟೆಂಬರ್ 14ರ ಸರದಿ ಎಇ1ದು. ಅದರ ಒಂದು ಮೋಟಾರಿನ ಕ್ಲಚ್ ಸರಿಯಿರಲಿಲ್ಲವೆಂದು ವರದಿಗಳಲ್ಲಿದೆ. ಹಾಗಿದ್ದರೂ ಗಸ್ತು ತಪ್ಪಿಸುವಂಥ ದೋಷ ಅದೆಂದು ಯಾರಿಗೂ ಅನ್ನಿಸಲಿಲ್ಲ. ಬೆಳಗ್ಗೆ 7 ಗಂಟೆಗೆ ಬ್ಲಾಂಚ್ ಕೊಲ್ಲಿಯಿಂದ ಹೊರಟು, ಕೇಪ್ ಗಜೆಲ್ ಬಳಿ ವಿಧ್ವಂಸಕ ಪ್ಯಾರಮ್ಯಾಟ್ಟಾವನ್ನು ಕೂಡಿಕೊಂಡಿತು. ಕತ್ತಲಾಗುವ ಮೊದಲು ಬಂದರಿಗೆ ಮರಳಬೇಕೆಂದು ಆಜ್ಞೆ. ದಿನವಿಡೀ ಮಬ್ಬು ಕವಿದಿತ್ತು. ಎರಡೂ ನೌಕೆಗಳು ಒಮ್ಮೆ ಹತ್ತಿರ ಬಂದು, ಒಮ್ಮೆ ದೂರ ಸರಿದು, ಕಣ್ಣಳತೆಯಲ್ಲಿ ಓಡಾಡಿದವು.

ಮಧ್ಯಾಹ್ನ ಎರಡೂವರೆಗೆ ಎಇ1ರಿಂದ ಪ್ಯಾರಮ್ಯಾಟ್ಟಾಕ್ಕೆ ಒಂದು ಸಂಕೇತ ಬಂತು: ಎಷ್ಟು ದೂರದವರೆಗೆ ಕಾಣುತ್ತಿದೆ? ಸುಮಾರು ಐದು ಮೈಲಿ ಎಂದು ಉತ್ತರ ಹೋಯಿತು. ನೀರಿನ ಮಟ್ಟಕ್ಕೆ ತೀರ ಸಮೀಪದ ಸಣ್ಣ ಗೋಪುರದಲ್ಲಿ ನಿಂತವರಿಗೆ ಎತ್ತರದ ಹಡಗಿನ ಮೇಲಿದ್ದವರಷ್ಟು ದೂರ ಕಾಣುವುದಿಲ್ಲ, ಪ್ರಶ್ನೆ ಸಹಜವೇ. ಆ ನೌಕೆಯಿಂದ ಹೊರಬಂದ ಕೊನೆಯ ಮಾತು ಅದು. 3 ಗಂಟೆ 20 ನಿಮಿಷಕ್ಕೆ ಡ್ಯೂಕ್ ಆಫ್ ಯಾರ್ಕ್ ದ್ವೀಪಗಳ ಬಳಿ ಪ್ಯಾರಮ್ಯಾಟ್ಟಾ ಎಇ1ವನ್ನು ಕಡೆಯ ಸಲ ಕಂಡಿತು. ಸ್ವಲ್ಪ ಹೊತ್ತಿನಲ್ಲಿ ಅದು ಕಾಣದಾದಾಗ, ಕಂಡ ದಿಕ್ಕಿಗೆ ಹೋಗಿ ನೋಡಿದರು. ನೀರು ಬಯಲಾಗಿತ್ತು. ಬಂದರಿಗೆ ಹೊರಟಿರಬೇಕು ಎಂದುಕೊಂಡು ಪ್ಯಾರಮ್ಯಾಟ್ಟಾ ದ್ವೀಪಗಳನ್ನು ಬಳಸಿಕೊಂಡು ಹರ್ಬರ್ಟ್ಸ್‌ಹೋಹೆ ಎದುರು, ಇಂದಿನ ಕೊಕೊಪೊ ಬಳಿ, ಸಂಜೆ 7ಕ್ಕೆ ಲಂಗರು ಹಾಕಿತು. ಆ ಊಹೆಗೆ ಅವರನ್ನು ದೂರುವಂತಿಲ್ಲ. ಜಲಾಂತರ್ಗಾಮಿ ಕಣ್ಮರೆಯಾಗುವುದು ಅಪಾಯದ ಲಕ್ಷಣವಲ್ಲ, ಅದರ ಕೆಲಸವೇ ಅದು.

ರಾತ್ರಿ 8 ಆದರೂ ಎಇ1 ಬಾರದಿದ್ದಾಗ ಕಳವಳ ಶುರುವಾಯಿತು. ಪ್ಯಾರಮ್ಯಾಟ್ಟಾ, ಇನ್ನೊಂದು ವಿಧ್ವಂಸಕ ಯಾರಾ ಎರಡನ್ನೂ ಹುಡುಕಲು ಕಳಿಸಿದರು; ಮುಂದೆ ಎನ್‌ಕೌಂಟರ್, ವಾರೆಗೊ ನೌಕೆಗಳೂ ಕೂಡಿಕೊಂಡವು. ಅಲ್ಲಿನ ನೀರು ಆಳ, ಹವಳದ ದಿಬ್ಬಗಳು ಹೇರಳ, ಪ್ರವಾಹ ಬಲವಾದದ್ದು. ನೀರೊಳಗಿನ ಲೋಹವನ್ನು ಪತ್ತೆಹಚ್ಚುವ ಸಾಧನ ಆ ಕಾಲದಲ್ಲಿ ಯಾವ ನೌಕಾಪಡೆಯ ಬಳಿಯೂ ಇರಲಿಲ್ಲ. ತೇಲುವ ಹಲಗೆ, ಟೊಪ್ಪಿಗೆ, ಎಣ್ಣೆಯ ಪೊರೆ, ಏನಾದರೊಂದು ಕಣ್ಣಿಗೆ ಬೀಳಬೇಕಿತ್ತು. ಏನೂ ಸಿಗಲಿಲ್ಲ. ಕೆಲವು ದಿನ ನೋಡಿ ಹುಡುಕಾಟ ನಿಲ್ಲಿಸಲಾಯಿತು, 35 ಜನರೂ ಹೋದರೆಂದು ತೀರ್ಮಾನವಾಯಿತು. ಯಾವ ಶತ್ರುವಿಗಾಗಿ ಕಾವಲು ಕಾಯುತ್ತಿದ್ದರೋ ಆ ಸ್ಪೇ ಅದೇ ಸೆಪ್ಟೆಂಬರ್ 14ರಂದು ಸಾವಿರಾರು ಕಿಲೊಮೀಟರ್ ಪೂರ್ವಕ್ಕೆ, ಸಮೋವಾದ ಆಪಿಯಾ ಬಂದರಿನ ಹೊರಗಿದ್ದ.

ಕುರುಹು ಇಲ್ಲದ ಸಾವಿಗೆ ಊಹೆಗಳು ಮುತ್ತುವುದು ಸಹಜ. ಹವಳದ ದಿಬ್ಬಕ್ಕೆ ಬಡಿದು ಸೀಳಿತು ಎಂದರು ಕೆಲವರು. ಒಳಗೆ ಸ್ಫೋಟವಾಯಿತು ಎಂದರು ಇನ್ನು ಕೆಲವರು. ಜರ್ಮನರ ಸಣ್ಣ ಹಡಗೊಂದು ಹೊಡೆದಿರಬಹುದೆಂಬ ಮಾತೂ ಇತ್ತು. ಡ್ಯೂಕ್ ಆಫ್ ಯಾರ್ಕ್ ಗುಂಪಿನ ಮಿಯೊಕೊ ದ್ವೀಪದವರಲ್ಲಿ ಮಹಾಯುದ್ಧದ ಮೊದಲ ದಿನಗಳಲ್ಲಿ ದಡದ ಹತ್ತಿರ ಕಂಡ ಭೂತದಂಥ ಮೀನಿನ ಕತೆ ತಲೆಮಾರುಗಳಿಂದ ನಡೆದುಬಂದಿತ್ತು. ಜಲಾಂತರ್ಗಾಮಿಯನ್ನು ಹಿಂದೆಂದೂ ಕಾಣದ ಜನ ಅದನ್ನು ಹಾಗೆ ಬಣ್ಣಿಸಿರುವುದು ಅಸಾಧ್ಯವೇನಲ್ಲ. ಮುಂದಿನ ಹುಡುಕಾಟಗಾರರು ಈ ಕತೆಯನ್ನು ಗೌರವದಿಂದಲೇ ಕೇಳಿಸಿಕೊಂಡರು.

ಅವಳಿ ಎಇ2ರ ಕತೆ ಬೇರೆ ರೀತಿ ಮುಗಿಯಿತು. ಪೆಸಿಫಿಕ್‌ನಲ್ಲಿ ಕೆಲಸವಿಲ್ಲದಾಗ ಅದನ್ನು ಮೆಡಿಟರೇನಿಯನ್‌ಗೆ ಕಳಿಸಿದರು. 1915ರ ಏಪ್ರಿಲ್ 25ರಂದು, ಗಲಿಪೊಲಿಯ ದಡದಲ್ಲಿ ಸೇನೆ ಇಳಿಯುತ್ತಿದ್ದ ಹೊತ್ತಿಗೆ, ಸ್ಟೋಕರ್ ಡಾರ್ಡನೆಲ್ಸ್ ಜಲಸಂಧಿಯನ್ನು ನೀರಡಿಯಲ್ಲೇ ಭೇದಿಸಿ ಮರುದಿನ ಮಾರ್ಮರ ಸಮುದ್ರ ಮುಟ್ಟಿದರು. ಅದಕ್ಕೆ ಮೊದಲು ಮಿತ್ರಪಕ್ಷದ ಯಾವ ನೌಕೆಗೂ ಅದು ಆಗಿರಲಿಲ್ಲ. ಏಪ್ರಿಲ್ 30ರಂದು ಎಇ2 ಇದ್ದಕ್ಕಿದ್ದಂತೆ ಆಳದ ಹಿಡಿತ ತಪ್ಪಿ ಮೇಲೆ ಚಿಮ್ಮಿತು. ತುರ್ಕಿಯ ನೌಕೆ ಸುಲ್ತಾನ್‌ಹಿಸಾರ್ ಗುಂಡಿಟ್ಟು ಒಡಲು ತೂತಾಗಿಸಿತು. ಸ್ಟೋಕರ್ ತಮ್ಮವರನ್ನೆಲ್ಲ ಹೊರಗೆ ಕಳಿಸಿ ನೌಕೆಯನ್ನು ತಾವೇ ಮುಳುಗಿಸಿದರು. ಎಲ್ಲರೂ ಸೆರೆ ಸಿಕ್ಕರು. ಸೆರೆಯಲ್ಲಿ ನಾಲ್ವರು ತೀರಿಕೊಂಡರು. ಅವಳಿಗಳಲ್ಲಿ ಒಂದು ಕೆಳಗೆ ಜಾರಿ ಹೋಯಿತು, ಇನ್ನೊಂದು ಮೇಲೆ ಚಿಮ್ಮಿ ಹೋಯಿತು. ಎರಡರಲ್ಲೂ ಕೈಕೊಟ್ಟದ್ದು ಆಳದ ಹಿಡಿತವೇ. ಎಇ2ರ ಅವಶೇಷವನ್ನು 1998ರಲ್ಲಿ ತುರ್ಕಿಯ ಸೆಲ್ಚುಕ್ ಕೊಲಾಯ್ ಪತ್ತೆಹಚ್ಚಿದರು.

ಹುಟ್ಟಿದ ಹದಿನಾಲ್ಕು ತಿಂಗಳಲ್ಲಿ ಆಸ್ಟ್ರೇಲಿಯಾದ ಜಲಾಂತರ್ಗಾಮಿ ವಿಭಾಗ ಬರಿದಾಯಿತು. ಆಮೇಲಿನ ಐವತ್ತು ವರ್ಷ ಅದು ಕಟ್ಟುತ್ತ ಕೆಡವುತ್ತ ಸಾಗಿತು. 1919ರಲ್ಲಿ ಬ್ರಿಟನ್ ಆರು ಜೆ ದರ್ಜೆಯ ನೌಕೆಗಳನ್ನು ಉಚಿತವಾಗಿ ಕೊಟ್ಟಿತು. ಅವುಗಳ ದುರಸ್ತಿಯ ಖರ್ಚು ಹೊರಲಾಗದೆ ಮೂರೇ ವರ್ಷದಲ್ಲಿ ಕೈಬಿಡಬೇಕಾಯಿತು. 1920ರ ದಶಕದ ಕೊನೆಗೆ ಬಂದ ಆಕ್ಸ್‌ಲಿ, ಆಟ್ವೇ ಎರಡೂ ಆರ್ಥಿಕ ಮುಗ್ಗಟ್ಟಿನಲ್ಲಿ 1931ಕ್ಕೆ ಬ್ರಿಟನ್ನಿಗೆ ಮರಳಿದವು. ಆ ಆಕ್ಸ್‌ಲಿಯೇ 1939ರ ಸೆಪ್ಟೆಂಬರ್ 10ರಂದು ಸ್ವಪಕ್ಷದ ಟ್ರೈಟನ್ ಹಾರಿಸಿದ ಟಾರ್ಪಿಡೊಕ್ಕೆ ಬಲಿಯಾಗಿ, ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಕಳೆದುಕೊಂಡ ಮೊದಲ ಜಲಾಂತರ್ಗಾಮಿಯಾಯಿತು. ವಿಭಾಗ ಗಟ್ಟಿಯಾಗಿ ನೆಲೆಯೂರಿದ್ದು 1967ರಲ್ಲಿ ಓಬೆರಾನ್ ದರ್ಜೆಯ ಹೊಸ ಆಕ್ಸ್‌ಲಿ ಸೇವೆಗೆ ಬಂದ ಮೇಲೆ. ಇಷ್ಟು ಸಲ ತುಂಡಾದ ಸಂಸ್ಥೆಗೆ ತನ್ನ ಮೊದಲ ನೌಕೆಯನ್ನು ಹುಡುಕುವ ಶಕ್ತಿಯಾಗಲಿ ವ್ಯವಧಾನವಾಗಲಿ ಅದಕ್ಕೆ ಮುಂಚೆ ಬರುವಂತಿರಲಿಲ್ಲ.

ಹುಡುಕಾಟಕ್ಕೆ ಮರುಜೀವ ಕೊಟ್ಟವರು ಆಸ್ಟ್ರೇಲಿಯಾ ನೌಕಾಪಡೆಯ ಅಧಿಕಾರಿ ಜಾನ್ ಫಾಸ್ಟರ್. ಎಇ1 ಕಾಣೆಯಾದ ಕಡಲಿರುವ ಪಪುವಾ ನ್ಯೂಗಿನಿ ಸ್ವತಂತ್ರವಾದದ್ದು 1975ರಲ್ಲಿ. ಆ ವರ್ಷಗಳಲ್ಲಿ ಅಲ್ಲಿ ನಿಯೋಜಿತರಾಗಿದ್ದ ಫಾಸ್ಟರ್‌ಗೆ ಎಇ1ರ ದಾಖಲೆಗಳು ಸಿಕ್ಕವು, ಆ ನೌಕೆ ಅವರನ್ನು ಬಿಡಲಿಲ್ಲ. 1976ರಲ್ಲಿ ಅವರ ಒತ್ತಾಯಕ್ಕೆ ಸಮೀಕ್ಷಾ ನೌಕೆ ಫ್ಲಿಂಡರ್ಸ್ ಸೋನಾರ್ ಹಾಯಿಸಿ ನೋಡಿತು. 1990ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಡಲ ವಸ್ತುಸಂಗ್ರಹಾಲಯದವರು ಕಡಲ ಶೋಧಕ ಝಾಕ್ ಕೂಸ್ತೊ ಅವರ ಪ್ರಸಿದ್ಧ ಕ್ಯಾಲಿಪ್ಸೊ ಹಡಗಿನ ನೆರವಿನಿಂದ ಹುಡುಕಿದರು. 2007ರಲ್ಲಿ ಬೆನಾಲ್ಲಾ ನೌಕೆಯ ಸೋನಾರ್‌ನಲ್ಲಿ ಜಲಾಂತರ್ಗಾಮಿಯ ಆಕಾರದ ಒಂದು ನೆರಳು ಮೂಡಿ ಆಸೆ ಹುಟ್ಟಿಸಿತು. ಅದು ಬಂಡೆಯೆಂದು ಆಮೇಲೆ ತಿಳಿಯಿತು. ಮೂರು ದಶಕಗಳಿಗೂ ಹೆಚ್ಚು ಕಾಲ ಇದರ ಬೆನ್ನು ಹತ್ತಿದ್ದ ಫಾಸ್ಟರ್ 2010ರಲ್ಲಿ ತೀರಿಕೊಂಡರು. ಶತಮಾನದ ವರ್ಷವಾದ 2014ರಲ್ಲಿ ಹೊಸ ಯಾರಾ ನೌಕೆ ಹುಡುಕಿದರೂ ಫಲ ಸಿಗಲಿಲ್ಲ.

ಫಾಸ್ಟರ್ ನಂತರ ನಿವೃತ್ತ ರಿಯರ್ ಅಡ್ಮಿರಲ್ ಪೀಟರ್ ಬ್ರಿಗ್ಸ್ ಕೆಲಸವನ್ನು ಕೈಗೆತ್ತಿಕೊಂಡರು. ಸ್ವತಃ ಜಲಾಂತರ್ಗಾಮಿಗಳಲ್ಲಿ ಸೇವೆ ಸಲ್ಲಿಸಿದ ಅವರು ಹಳೆಯ ದಾಖಲೆಗಳನ್ನು ನಾಯಕನೊಬ್ಬನ ಕಣ್ಣಿನಿಂದ ಓದಿದರು. ಕತ್ತಲಾಗುವ ಮುಂಚೆ ಮರಳಬೇಕಾದ ಬೆಸೆಂಟ್ ಯಾವ ದಾರಿ ಹಿಡಿದಿದ್ದಾನು? ಡ್ಯೂಕ್ ಆಫ್ ಯಾರ್ಕ್ ದ್ವೀಪಗಳ ಸುತ್ತಲಿನ ದಾರಿ ಎಂಬ ಉತ್ತರ ಹುಡುಕುವ ಜಾಗವನ್ನು ಕಿರಿದಾಗಿಸಿತು. 'ಫೈಂಡ್ ಎಇ1' ಎಂಬ ಸಂಸ್ಥೆ, ಸೈಲೆಂಟ್‌ವರ್ಲ್ಡ್ ಪ್ರತಿಷ್ಠಾನ, ಆಸ್ಟ್ರೇಲಿಯಾದ ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯ, ಅಲ್ಲಿನ ಸರ್ಕಾರ ಸೇರಿ 2017ರ ಡಿಸೆಂಬರ್‌ನಲ್ಲಿ ಫ್ಯೂಗ್ರೊ ಇಕ್ವೇಟರ್ ಹಡಗನ್ನು ಕಳಿಸಿದವು. ಕಾಣೆಯಾದ ಮಲೇಷ್ಯಾ ವಿಮಾನ ಎಂಎಚ್370ಕ್ಕಾಗಿ ಹಿಂದೂ ಮಹಾಸಾಗರದ ತಳ ಜಾಲಾಡಿದ ಹಡಗು ಅದು. ಮನುಷ್ಯರಿಲ್ಲದೆ ತಾನೇ ಚಲಿಸುವ ಯಂತ್ರವೊಂದು ತಳಕ್ಕೆ ಸಮೀಪವಾಗಿ ಸಾಲು ಸಾಲಾಗಿ ಹಾದು ಧ್ವನಿಚಿತ್ರ ತೆಗೆಯಿತು. ದ್ವೀಪಗಳ ಬಳಿ, 300 ಮೀಟರ್‌ಗೂ ಹೆಚ್ಚು ಆಳದಲ್ಲಿ, ಒಂದು ಉದ್ದನೆಯ ಆಕಾರ ಮೂಡಿತು. ಕ್ಯಾಮೆರಾ ಇಳಿಸಿದಾಗ ಇ ದರ್ಜೆಯ ಗೋಪುರ, ಹೈಡ್ರೋಪ್ಲೇನ್‌ಗಳು ತೆರೆಯ ಮೇಲೆ ಕಂಡವು. ಹದಿಮೂರನೆಯ ಪ್ರಯತ್ನ ಫಲಿಸಿತ್ತು. ಹಡಗಿನಲ್ಲಿದ್ದವರು ಅಲ್ಲೇ ಒಂದು ಸಣ್ಣ ಪ್ರಾರ್ಥನೆ ನಡೆಸಿದರು. ಸತ್ತವರ ಮೊಮ್ಮಕ್ಕಳು, ಮರಿಮಕ್ಕಳಿಗೆ ಸುದ್ದಿ ತಲುಪಿಸುವ ಕೆಲಸ ಶುರುವಾಯಿತು. ಡಿಸೆಂಬರ್ 21ರಂದು ರಕ್ಷಣಾ ಸಚಿವೆ ಮರೀಸ್ ಪೇಯ್ನ್ ಲೋಕಕ್ಕೆ ತಿಳಿಸಿದರು.

ಕಾರಣ ತಿಳಿಯಲು ಹತ್ತಿರದಿಂದ ನೋಡಬೇಕಿತ್ತು. 2018ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಸಹಸಂಸ್ಥಾಪಕ ಪಾಲ್ ಆ್ಯಲೆನ್ ಒಡೆತನದ ಪೆಟ್ರೆಲ್ ಹಡಗು ದೂರನಿಯಂತ್ರಿತ ಯಂತ್ರವನ್ನು ಇಳಿಸಿ ಅವಶೇಷದ ಇಂಚಿಂಚನ್ನೂ ಚಿತ್ರೀಕರಿಸಿತು. ಅವಶೇಷವನ್ನು ಯಾರೂ ಮುಟ್ಟಲಿಲ್ಲ, ಏನನ್ನೂ ಎತ್ತಲಿಲ್ಲ. ಚಿತ್ರಗಳನ್ನು ಜೋಡಿಸಿ ಕರ್ಟಿನ್ ವಿಶ್ವವಿದ್ಯಾಲಯದ ತಜ್ಞರು ಗಣಕದಲ್ಲಿ ಇಡೀ ನೌಕೆಯ ಮೂರು ಆಯಾಮದ ಪ್ರತಿರೂಪ ಕಟ್ಟಿದರು.

ಮುಂಭಾಗ ಮತ್ತು ನಡುವಿನ ನಿಯಂತ್ರಣ ಕೋಣೆ ಒಳಕ್ಕೆ ಕುಸಿದು ಜಜ್ಜಿಹೋಗಿದ್ದವು. ಗೋಪುರ ಆ ಕುಳಿಯೊಳಕ್ಕೆ ಮುಂದಕ್ಕೆ ಬಾಗಿ ಬಿದ್ದಿತ್ತು. ಹಿಂಭಾಗ ಮಾತ್ರ ಬಹುಪಾಲು ಆಕಾರ ಉಳಿಸಿಕೊಂಡಿತ್ತು. ಈ ವ್ಯತ್ಯಾಸ ಬಹಳ ಹೇಳುತ್ತದೆ. ಒಳಗೆ ಗಾಳಿಯೇ ಇರುವ ಕೋಣೆಯನ್ನು ಹೊರಗಿನ ಒತ್ತಡ ಹಿಂಡಿ ನುಚ್ಚುಮಾಡುತ್ತದೆ. ಆಗಲೇ ನೀರು ತುಂಬಿಕೊಂಡ ಕೋಣೆಯಲ್ಲಿ ಒಳಗೂ ಹೊರಗೂ ಒತ್ತಡ ಹೆಚ್ಚುಕಡಿಮೆ ಸಮ, ಹಾಗಾಗಿ ಅದು ಉಳಿಯುತ್ತದೆ. ಅಂದರೆ ಕುಸಿತಕ್ಕೆ ಮೊದಲೇ ಹಿಂದೆ ನೀರು ನುಗ್ಗಿತ್ತು. ಎಲ್ಲಿಂದ ಎಂಬುದಕ್ಕೂ ಸಾಕ್ಷಿ ಸಿಕ್ಕಿತು. ಒಳಗೆ ಗಾಳಿಯಾಡಲು ಇದ್ದ ವಾಯುಕೊಳವೆಯ ಕವಾಟ ಪೂರ್ತಿ ಮುಚ್ಚಿರಲಿಲ್ಲ, ಅರೆ ತೆರೆದಿತ್ತು. ಹಿಂದಿನ ಟಾರ್ಪಿಡೊ ಕೊಳವೆಯ ಹೊರಮುಚ್ಚಳವೂ ತೆರೆದಿತ್ತು. ಹೈಡ್ರೋಪ್ಲೇನ್‌ಗಳು ನೌಕೆಯನ್ನು ಮೇಲೆತ್ತುವ ದಿಕ್ಕಿಗೆ ಪೂರ್ತಿ ತಿರುಗಿದ್ದವು.

ಇವೆಲ್ಲವನ್ನೂ ಕೂಡಿಸಿ ಪರಿಶೀಲಕರು ಕಟ್ಟಿದ ಚಿತ್ರ ಹೀಗಿದೆ. ಗಸ್ತು ಮುಗಿಯುತ್ತಿದ್ದ ಹೊತ್ತಿನಲ್ಲಿ, ಬಂದರಿಗೆ ಮರಳುವ ಮುನ್ನ, ತೂಗು ಸರಿನೋಡಲು ಬೆಸೆಂಟ್ ಅಭ್ಯಾಸದ ಮುಳುಗು ಹಾಕಿಸಿರುವ ಸಾಧ್ಯತೆ ಹೆಚ್ಚು. ವಾಯುಕೊಳವೆಯ ಕವಾಟ ಬಿಗಿಯಾಗಿ ಕೂರಲಿಲ್ಲ. ನೌಕೆ ನೀರೊಳಗೆ ಹೋದೊಡನೆ ಹಿಂಬದಿಗೆ ನೀರು ನುಗ್ಗಿತು. ಟನ್‌ಗಟ್ಟಲೆ ಭಾರ ಏರಿತು, ಆಳದ ಹಿಡಿತ ಹೋಯಿತು. ಇಳಿದಷ್ಟೂ ಒತ್ತಡ ಹೆಚ್ಚಿ ನೀರು ಇನ್ನಷ್ಟು ರಭಸವಾಗಿ ಬರುತ್ತದೆ. ತೊಟ್ಟಿಗಳ ನೀರನ್ನು ಹೊರದಬ್ಬಬೇಕಾದ ಸಂಕುಚಿತ ಗಾಳಿ ಅದೇ ಒತ್ತಡದೆದುರು ನಿಧಾನವಾಗುತ್ತದೆ. ಒಂದು ಮೋಟಾರು ಸರಿಯಿರಲಿಲ್ಲ ಎಂಬುದನ್ನೂ ಸೇರಿಸಿದರೆ, ಹೈಡ್ರೋಪ್ಲೇನ್‌ಗಳಿಗೆ ಬಲ ಕೊಡುವ ವೇಗವೂ ಕೈಯಲ್ಲಿ ಸಾಕಷ್ಟಿರಲಿಲ್ಲ. 30 ಮೀಟರ್‌ಗೆ ಕಟ್ಟಿದ ಒಡಲು ಅದಕ್ಕಿಂತ ಬಹಳ ಕೆಳಗೆ ಹೋದಾಗ ಮುಂದಿನ ಕೋಣೆಗಳು ಕ್ಷಣಾರ್ಧದಲ್ಲಿ ಕುಸಿದವು. ನಿಯಂತ್ರಣ ಕೋಣೆಯಲ್ಲಿದ್ದವರು ಆ ಕ್ಷಣದಲ್ಲೇ ಸತ್ತರು. ಮೇಲ್ಮುಖವಾಗಿ ತಿರುಗಿ ನಿಂತಿರುವ ಹೈಡ್ರೋಪ್ಲೇನ್‌ಗಳೇ ಅವರು ಕೊನೆಯವರೆಗೂ ನೌಕೆಯನ್ನು ಉಳಿಸಲು ಹೆಣಗಿದರು ಎಂಬುದಕ್ಕೆ ಪುರಾವೆ. ಶತ್ರುವಿನ ಕೈವಾಡದ ಗುರುತು ಯಾವುದೂ ಕಾಣಲಿಲ್ಲ.

ನಾಲ್ಕು ವರ್ಷ ಮುಂಚೆ ಸಕುಮಾ ಅವರ ನೌಕೆ ಹೋದದ್ದೂ ಇಂಥದೇ ಕೊಳವೆಯಿಂದ, ಇಂಥದೇ ಕವಾಟದಿಂದ. ಅದು ಆಳವಿಲ್ಲದ ಕೊಲ್ಲಿಯಲ್ಲಿ ಮುಳುಗಿದ್ದರಿಂದ ಒಂದೆರಡು ದಿನದಲ್ಲೇ ಮೇಲೆತ್ತಿ ಕಾರಣ ತಿಳಿದರು. ಎಇ1ರದ್ದನ್ನು ತಿಳಿಯಲು ಶತಮಾನ ಬೇಕಾಯಿತು. ಅಷ್ಟರಲ್ಲಿ ಕವಾಟಗಳ ಸ್ಥಿತಿಯನ್ನು ಒಂದೇ ಫಲಕದಲ್ಲಿ ತೋರಿಸುವ ಸೂಚಕಗಳು, ಮುಳುಗುವ ಮುನ್ನ ಪ್ರತಿಯೊಂದನ್ನೂ ಇಬ್ಬರು ಬೇರೆ ಬೇರೆಯಾಗಿ ಪರಿಶೀಲಿಸುವ ಪದ್ಧತಿ ಜಲಾಂತರ್ಗಾಮಿ ಸೇವೆಗಳಲ್ಲಿ ಬಂದಾಗಿತ್ತು. ಎಇ1ರ ತೂಗು ನೋಡಿದವರಿಗೆ ಅವೆರಡೂ ಇರಲಿಲ್ಲ.

ಅವಶೇಷ ಪಪುವಾ ನ್ಯೂಗಿನಿಯ ನೀರಿನಲ್ಲಿದೆ. ಅದು 35 ಜನರ ಸಮಾಧಿಯಾದ್ದರಿಂದ ಅದನ್ನು ಎತ್ತುವ ಯೋಚನೆಯಿಲ್ಲ. ಕಳ್ಳರಿಂದ, ಕುತೂಹಲಿಗಳಿಂದ ಕಾಪಾಡಲು ನಿಖರವಾದ ಸ್ಥಳವನ್ನು ಪ್ರಕಟಿಸಿಲ್ಲ. ಎರಡೂ ದೇಶಗಳು ಅದರ ರಕ್ಷಣೆಗೆ ಕೈಜೋಡಿಸಿವೆ. ಸಿಡ್ನಿಯ ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯದ ಮುಂದೆ ನೀರಿನ ಮೇಲೆ 2015ರಲ್ಲಿ ನಿಂತ ಹೂಮಾಲೆಯಾಕಾರದ ಲೋಹದ ಸ್ಮಾರಕ ಎಇ1ರವರಿಗಾಗಿ ಕಟ್ಟಿದ್ದು. ಅದನ್ನು ಕಲಾವಿದ ವಾರೆನ್ ಲ್ಯಾಂಗ್ಲಿ ರೂಪಿಸಿದಾಗ ನೌಕೆ ಎಲ್ಲಿದೆ ಎಂಬುದು ಇನ್ನೂ ಯಾರಿಗೂ ಗೊತ್ತಿರಲಿಲ್ಲ.